ಚೆಂದದ ಫೋಟೊ ಹಾಕಬೇಕೋ, ಹಾಳಾದ ದಂಡೆಯ ಫೋಟೊ ಹಾಕಬೇಕೋ?

ಕಾಳಿತೀರ, ಕಾರವಾರ
ಎಲ್ಲರಿಗೂ ನಮಸ್ಕಾರ. ದೇವಬಾಗದಿಂದ ಮಾಜಾಳಿವರೆಗೆ ಕಡಲದಂಡೆಯ ಫೋಟೊ ತೆಗೆಯುತ್ತೇನೆ. ಈ ಮಳೆಗಾಲ ಅಲೆಗೆ ಮರಳು ಕೊಚ್ಚಿಹೋಗಿ ಗಾಳಿಮರದ ಬೇರೆಲ್ಲ ಹೊರಗೆ ಬಿದ್ದಿದೆ. ಆ ಫೋಟೊ ಹಾಕಿದರೆ ಯಾರೂ ನೋಡುವುದಿಲ್ಲ. ಕಾಳಿ ನದಿ ಸಮುದ್ರ ಸೇರುವಲ್ಲಿನ ಸಂಜೆ ಹಾಕಿದರೆ 'ಸೂಪರ್, ಎಲ್ಲಿ ಇದು?' ಅಂತ ಸಾಲುಸಾಲು. ಈ ದಂಡೆ ಉಳಿಯಬೇಕು ಅಂತ ನೋಡಿದವರಿಗೆ ಅನ್ನಿಸಬೇಕಾದರೆ ಯಾವುದನ್ನು ತೋರಿಸಲಿ?

ಅಳಿವೆ ಅಕ್ಕ, ಕುಮಟಾ
ಚೆಂದದ್ದನ್ನು ಬಿಡಬೇಡ ತಮ್ಮಾ. ಟಾಸ್ಮೇನಿಯಾದಲ್ಲಿ ಫ್ರಾಂಕ್ಲಿನ್ ನದಿಯ ಕಣಿವೆ ಮುಳುಗುವಂತೆ ಅಣೆಕಟ್ಟು ಕಟ್ಟಲು ಹೊರಟಿದ್ದರು. 1983ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಚುನಾವಣೆ. ಪೀಟರ್ ಡೊಂಬ್ರೊವ್ಸ್ಕಿಸ್ ತೆಗೆದ ಒಂದು ಫೋಟೊವನ್ನು ಚಳವಳಿಯವರು ಪತ್ರಿಕೆಯಲ್ಲಿ ಬಣ್ಣದ ಜಾಹೀರಾತು ಮಾಡಿದರು. ಬೆಳಗಿನ ಮಂಜು, ಬಂಡೆ, ಅದನ್ನು ಬಳಸಿ ಹರಿಯುವ ನೀರು, ಅಷ್ಟೇ. ಜೊತೆಗೆ, ಇದನ್ನು ಹಾಳುಮಾಡುವ ಪಕ್ಷಕ್ಕೆ ಓಟು ಹಾಕುತ್ತೀರಾ ಅನ್ನುವ ಪ್ರಶ್ನೆ. ಸರ್ಕಾರ ಬದಲಾಯಿತು. ಜುಲೈನಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪು ಬಂದು ಅಣೆಕಟ್ಟಿನ ಕೆಲಸ ನಿಂತೇಹೋಯಿತು. ಫೋಟೊ ಒಂದೇ ಗೆಲ್ಲಿಸಿತು ಅಂತಲ್ಲ, ನೂರಾರು ಜನ ಜೈಲು ಸೇರಿದ್ದರು. ಆದರೆ ಆ ನದಿಯನ್ನು ಕಾಣದವರೂ ಅದನ್ನು ಕಂಡರು. ಬರೀ ಸಂಜೆಯ ಬಣ್ಣ ಹಾಕಿ ಸುಮ್ನೆ ಕೂತರೆ ಆಗದು. ಅಲ್ಲಿ ಏನಾಗಲಿದೆ ಅಂತ ಜೊತೆಗೇ ಬರಿ.

ಇನ್ನೊಂದು ಮಾತು. ನಿನ್ನ ಫೋಟೊಗಳಲ್ಲಿ ಜನ ಇಲ್ಲ, ಅಲ್ವಾ? ಅಂಥ ಜಾಗ ಹೊರಗಿನವರ ಕಣ್ಣಿಗೆ ಖಾಲಿ ಜಾಗ. ಇಳಿತದ ಹೊತ್ತಿಗೆ ಅಘನಾಶಿನಿ ಅಳಿವೆಗೆ ಬಾ. ರಸ್ತೆಯಿಂದ ನೋಡಿದರೆ ಬರೀ ಕೆಸರು, ನೀರು. ಹತ್ತಿರ ಹೋದರೆ ಸೊಂಟದ ನೀರಿನಲ್ಲಿ ನಿಂತ ಹೆಂಗಸರು ಕಾಲಲ್ಲೇ ತಡಕಿ ಬಳಚು ಅನ್ನುವ ಚಿಪ್ಪುಜೀವಿ ಹುಡುಕುತ್ತಿರುತ್ತಾರೆ. ಬಗ್ಗಿ ಎದ್ದಾಗ ಮುಷ್ಟಿ ತುಂಬ ಬಳಚು, ಮೊಣಕೈಯಿಂದ ತೊಟ್ಟಿಕ್ಕುವ ಕಪ್ಪು ಕೆಸರು. ಆಚೆ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಆ ನೀರಿಗೂ ಜಗ್ಗದ ಕಗ್ಗ ಭತ್ತ. 2024ರಲ್ಲಿ ಈ ಅಳಿವೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದು ಯಾಕೆ ಅಂತ ಬೆಂಗಳೂರಿನವರಿಗೆ ಆ ಒಂದು ಮುಷ್ಟಿ ತೋರಿಸಿದರೆ ಸಾಕು. ಆ ಹೆಂಗಸರನ್ನು ಕೇಳಿಯೇ ಕ್ಯಾಮೆರಾ ಎತ್ತು.

ಕಾನುಮನೆ, ಶಿರಸಿ
ಅಕ್ಕ ಹೇಳಿದ್ದು ಸರಿ, ಆದರೆ ಅದೇ 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಾಲ್ಕಣಿಯವರು ಕಳಸೆ ಕಾಡಿನಲ್ಲಿ ಮರ ಅಪ್ಪಿ ನಿಂತಾಗ ಅವರಿಗೆ ಯಾವ ಫೋಟೊನೂ ಬೇಕಿರಲಿಲ್ಲ. ಕೊಡಲಿ ಕಣ್ಣೆದುರೇ ಇತ್ತು. ಫೋಟೊ ಬೇಕಾಗುವುದು ದೂರದವರಿಗೆ. ದೂರದವರು ನೋಡಿದ ಮೇಲೆ ಬಂದೇ ಬರುತ್ತಾರೆ. ಘಟ್ಟದ ಸಣ್ಣ ಜಲಪಾತಗಳ ಹತ್ತಿರ ಬಾಟಲಿ, ಚಿಪ್ಸ್ ಪ್ಯಾಕೆಟ್ ಬೀಳತೊಡಗಿದ್ದು ಹಾಗೇ. ಅದಕ್ಕೆ ನಾನು ತಾಲೂಕಿನ ಹೆಸರಷ್ಟೇ ಹಾಕುತ್ತೇನೆ, ಲೊಕೇಶನ್ ಹಾಕುವುದೇ ಇಲ್ಲ. ಆಮೆ ಮೊಟ್ಟೆ ಇಡುವ ದಂಡೆಯಾದರೆ ನೀನೂ ಹಾಕಬೇಡ ಮಾರಾಯ.

ಕಾಳಿತೀರ, ಕಾರವಾರ
ಲೊಕೇಶನ್ ಇವತ್ತೇ ತೆಗೆಯುತ್ತೇನೆ. ಹಾಗಾದರೆ ಬೇರು ಬಿದ್ದ ಫೋಟೊ ಬೇಡವೇ ಅಕ್ಕಾ?

ಅಳಿವೆ ಅಕ್ಕ, ಕುಮಟಾ
ಬೇಕು, ಬೇಕೇ ಬೇಕು. ಆದರೆ ಒಂದೇ ಫೋಟೊ ಸಾಕಾಗದು. ಮಳೆಗಾಲದ ದೊಡ್ಡ ಅಲೆ ಒಯ್ದ ಮರಳಲ್ಲಿ ಒಂದಷ್ಟನ್ನು ಬೇಸಿಗೆಯ ಸಣ್ಣ ಅಲೆ ವಾಪಸ್ ತರುತ್ತದೆ. ಆಗಸ್ಟ್‌ನದನ್ನು ಜನವರಿಯದರ ಪಕ್ಕ ಇಟ್ಟರೆ ತಿಳಿದವರು ಒಪ್ಪುವುದಿಲ್ಲ. ಆಗಸ್ಟ್‌ಗೆ ಮುಂದಿನ ಆಗಸ್ಟ್, ಅದೂ ಉಬ್ಬರ ಇಳಿತದ ಅದೇ ಹೊತ್ತಿಗೆ. ಅಲುಗದ ಗುರುತು ಹಿಡಿದುಕೋ, ಕಟ್ಟೆಯ ಮೂಲೆಯೋ ಬಾವಿಯೋ ಆಗಬಹುದು. ಹಳೆಯ ಫೋಟೊ ಮೊಬೈಲಲ್ಲಿ ನೋಡುತ್ತ, ಅಂಚಿಗೆ ಅಂಚು ಕೂಡಿಸಿ, ಅದೇ ಲೆನ್ಸಿನಲ್ಲಿ ತೆಗೆ. ತಾರೀಕಿರುವ ಮೂಲ ಫೈಲ್ ಅಳಿಸಬೇಡ. ಬಣ್ಣ ಏರಿಸಬೇಡ. ಆಮೇಲೆ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೊದಲು ಗ್ರಾಮಸಭೆಗೆ ಒಯ್ಯಿ. ಅಲ್ಲಿಯ ಅಜ್ಜಂದಿರು ದಂಡೆ ಮೊದಲು ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸುತ್ತಾರೆ. ಅದನ್ನೂ ಬರೆದುಕೊ.