ಗೇಮ್ ಮಧ್ಯೆ ಸ್ಕ್ರೀನ್ ಕಪ್ಪು, ಫ್ಯಾನ್ ಜೋರು: ಹೊಸ ಪಿಸಿಯ ಕಾರ್ಡೇ ಕೆಟ್ಟಿದೆಯಾ?

ಪ್ರಶ್ನೆ, ಶಿವಮೊಗ್ಗದಿಂದ

ತಿಂಗಳ ಹಿಂದೆ ಮೊದಲ ಸಲ ನಾನೇ ಪಿಸಿ ಜೋಡಿಸಿದೆ. ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಗೊಂಡದ್ದು. 16 ಜಿಬಿಯ ಗ್ರಾಫಿಕ್ಸ್ ಕಾರ್ಡ್, 6000 ವೇಗದ ಡಿಡಿಆರ್5 ರ್‍ಯಾಮ್ ಎರಡು ಸ್ಟಿಕ್, 750 ವ್ಯಾಟ್ ಪವರ್ ಸಪ್ಲೈ. ಯೂಟ್ಯೂಬ್, ಬ್ರೌಸಿಂಗ್ ಎಲ್ಲ ಆರಾಮ. ಗೇಮ್ ಹಾಕಿದರೆ ಹತ್ತು ನಿಮಿಷಕ್ಕೋ ಮುಕ್ಕಾಲು ಗಂಟೆಗೋ ಸ್ಕ್ರೀನ್ ಕಪ್ಪಾಗುತ್ತದೆ, ಕಾರ್ಡಿನ ಫ್ಯಾನ್ ಮಿಕ್ಸಿ ಥರ ಕೂಗುತ್ತದೆ. ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕು. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ, ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ನಾಲ್ಕು ಸಲ ಬದಲಿಸಿದೆ. ಕಾರ್ಡನ್ನು ವಾರಂಟಿಗೆ ಕಳಿಸಿಬಿಡಲಾ? ಅನುಭವ ಇರುವವರು ಹೇಳಿ.

ಬೆಂಗಳೂರಿನಿಂದ

ಸದ್ಯಕ್ಕೆ ಕಳಿಸಬೇಡಿ. ನಾನು ಕಳಿಸಿದ್ದೆ. ಮೂರು ವಾರ ಕಾದ ಮೇಲೆ "ದೋಷ ಕಂಡುಬಂದಿಲ್ಲ" ಅಂತ ಚೀಟಿ ಅಂಟಿಸಿ ವಾಪಸ್ ಕೊಟ್ಟರು. ಅವತ್ತು ಸಂಜೆಯೇ ಮತ್ತೆ ಕಪ್ಪು ಸ್ಕ್ರೀನ್. ಸರ್ವಿಸಿನವರ ತಪ್ಪೇನೂ ಇರಲಿಲ್ಲ. ಕಾರ್ಡ್ ನಿಜಕ್ಕೂ ಚೆನ್ನಾಗಿಯೇ ಇತ್ತು.

ಕೋತಿ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಹೊಸ ಪಿಸಿಯಲ್ಲಿ ಆ ಮೇಕೆ ಗ್ರಾಫಿಕ್ಸ್ ಕಾರ್ಡು. ಕರೆಂಟ್ ಸರಿ ಬರದಿದ್ದರೂ, ರ್‍ಯಾಮ್ ತಪ್ಪು ಮಾಡಿದರೂ, ಬೀಳುವುದು ಮಾತ್ರ ಅದೇ.

ಮೊದಲು ಕ್ರ್ಯಾಶ್ ಯಾವ ಥರದ್ದು ಅಂತ ನೋಡಿ. ಸ್ಕ್ರೀನ್ ಒಂದೆರಡು ಕ್ಷಣ ಕಪ್ಪಾಗಿ ಗೇಮ್ ಮಾತ್ರ ಮುಚ್ಚಿಕೊಂಡರೆ ಅದು ಡ್ರೈವರ್ ರೀಸೆಟ್. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸೇ ಹಾಗೆ ಮಾಡುತ್ತದೆ. ಪಿಸಿ ಪಟ್ ಅಂತ ಆರಿ ತಾನೇ ರೀಸ್ಟಾರ್ಟ್ ಆದರೆ ಪವರ್ ಸಪ್ಲೈ ಕಡೆ ನೋಡಬೇಕು. ವಿಂಡೋಸಿನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್ ಪವರ್ 41" ಅಂತ ಕಂಡರೆ ಗಾಬರಿ ಬೇಡ. ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಅದರ ಅರ್ಥ, ಯಾಕೆ ಅಂತ ಅದು ಹೇಳುವುದಿಲ್ಲ. ನೀವು ಬಟನ್ ಒತ್ತಿ ಆಫ್ ಮಾಡಿದರೂ ಅದೇ ಬರುತ್ತದೆ.

ನಿಮ್ಮದು ಮೂರನೇ ಥರ: ಸ್ಕ್ರೀನ್ ಕಪ್ಪು, ಫ್ಯಾನ್ ಫುಲ್ ಸ್ಪೀಡ್. ನನ್ನದೂ ಅದೇ ಆಗಿತ್ತು, ಕಾರಣ ಕೇಬಲ್. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವ್ಯಾಟ್ ಕೊಡಬಲ್ಲದು. ಒಂದೊಂದು 8 ಪಿನ್ ಕನೆಕ್ಟರ್‌ಗೆ ಲೆಕ್ಕದಲ್ಲಿ 150 ವ್ಯಾಟ್. ನಾನು ಎರಡು ತಲೆ ಇರುವ ಒಂದೇ ಕೇಬಲ್ ತಗೊಂಡು ಕಾರ್ಡಿನ ಎರಡೂ ಸಾಕೆಟ್ಟಿಗೆ ಚುಚ್ಚಿದ್ದೆ. ನೋಡಲು ನೀಟಾಗಿತ್ತು. ಡಬ್ಬಿ ಮೇಲೆ 260 ವ್ಯಾಟ್ ಅಂತ ಇದ್ದರೂ ಇಂಥ ಕಾರ್ಡುಗಳು ಕೆಲವು ಮಿಲಿಸೆಕೆಂಡ್ ಮಟ್ಟಿಗೆ ಅದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತವೆ. ಸ್ಲಾಟಿನ ಪಾಲು ಬಿಟ್ಟು ಉಳಿದದ್ದೆಲ್ಲ ಒಂದೇ ಕೇಬಲ್ಲಿನ ಮೇಲೆ. ಸಾಲದ್ದಕ್ಕೆ, 8 ಪಿನ್ 6+2 ಅಂತ ಎರಡು ತುಂಡಾಗಿ ಇರುತ್ತಲ್ಲ, ಅದರ ಆ ಎರಡು ಪಿನ್ನಿನ ತುಂಡು ಪೂರ್ತಿ ಕೂತಿರಲಿಲ್ಲ. ಮೊಬೈಲ್ ಟಾರ್ಚ್ ಬಿಟ್ಟು ಪಕ್ಕದಿಂದ ನೋಡಿದಾಗ ಉಗುರು ತೂರುವಷ್ಟು ಸಂದಿ ಕಂಡಿತು. ಒತ್ತಿದೆ. "ಟಕ್" ಅಂತು. ಆಮೇಲೆ ಎರಡು ಬೇರೆ ಬೇರೆ ಕೇಬಲ್ ಹಾಕಿದೆ. ಅಲ್ಲಿಂದಾಚೆ ಒಂದು ಸಲವೂ ಬಿದ್ದಿಲ್ಲ.

ಒಂದು ಎಚ್ಚರಿಕೆ. ಗೆಳೆಯನ ಹತ್ತಿರ ಇರುವ ಬೇರೆ ಪವರ್ ಸಪ್ಲೈನ ಕೇಬಲ್ ಸುಮ್ನೆ ತಂದು ಹಾಕಬೇಡಿ. ಕಾರ್ಡಿನ ಕಡೆ ಒಂದೇ ಥರ ಇದ್ದರೂ ಸಪ್ಲೈ ಕಡೆಯ ಪಿನ್ ಜೋಡಣೆ ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ ಇರಬಹುದು. ಸುಟ್ಟೇ ಹೋಗಬಹುದು.

ಹುಬ್ಬಳ್ಳಿಯಿಂದ

ಕೇಬಲ್ ನೋಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡ್ರಿ. ನಾನು ವಿಡಿಯೋ ಎಡಿಟಿಂಗ್ ಮಾಡುವವಳು. ಎರಡು ತಿಂಗಳು ಕಾರ್ಡಿಗೆ ಬೈದೆ. ತಪ್ಪು ರ್‍ಯಾಮಿನದು. 6000 ಅಂತ ಡಬ್ಬಿ ಮೇಲೆ ಬರೆದಿರುವುದು ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಅನ್ನುವ ಸೆಟ್ಟಿಂಗ್ ಆನ್ ಮಾಡಿದಾಗಿನ ವೇಗ, ಅಂದರೆ ಓವರ್‌ಕ್ಲಾಕ್, ಮಾಮೂಲಿಗಿಂತ ಜಾಸ್ತಿ ವೇಗ. ಎಲ್ಲ ಪ್ರೊಸೆಸರೂ ಎಲ್ಲ ಬೋರ್ಡೂ ಅದನ್ನು ತಡೆಯುತ್ತವೆ ಅಂತ ಗ್ಯಾರಂಟಿ ಇಲ್ಲ. ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಅದನ್ನು ಆಫ್ ಮಾಡಿ ಎರಡು ದಿನ ಆಡಿ ನೋಡಿ. ಖರ್ಚಿಲ್ಲ, ಸ್ಕ್ರೂಡ್ರೈವರ್ ಬೇಡ.

ಖಚಿತ ಆಗಬೇಕು ಅಂದರೆ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿ ರಾತ್ರಿ ಮಲಗುವಾಗ ಬಿಡಿ. ನಾಲ್ಕು ಸುತ್ತು ಮುಗಿಯಲು ಗಂಟೆಗಟ್ಟಲೆ ಬೇಕು. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ, "ಒಂದೇ ಅಲ್ವಾ" ಅನ್ನೋ ಹಾಗಿಲ್ಲ. ನನಗೆ ಮೊದಲ ಹತ್ತು ನಿಮಿಷದಲ್ಲೇ ಕೆಂಪು ಸಾಲು ಬಂದವು. ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಅದೇ ರ್‍ಯಾಮ್ 6000ದಲ್ಲೇ ಸರಿ ಓಡಿತು. ಎರಡೇ ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಇರಬೇಕು, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಮೈಸೂರಿನಿಂದ

ಮೇಕೆ ಕಥೆಗೆ ದೊಡ್ಡ ಸಾಕ್ಷಿ ಬೇಕಾ? ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು. ಗೇಮ್ ಶುರುವಾಗುವಾಗ "ವಿಡಿಯೋ ಮೆಮೊರಿ ಸಾಲದು" ಅಂತ ಮೆಸೇಜ್ ಬರುತ್ತಿತ್ತು. ಜನ ಕಾರ್ಡ್ ಬದಲಿಸಿದ್ದೇ ಬದಲಿಸಿದ್ದು. ಕಡೆಗೆ ನೋಡಿದರೆ ಜಾಸ್ತಿ ವೋಲ್ಟೇಜಿನಿಂದ ಪ್ರೊಸೆಸರೇ ಸವೆಯುತ್ತಿತ್ತು. 2024ರಲ್ಲಿ ಕಂಪನಿಯೇ ಒಪ್ಪಿಕೊಂಡು ಬಯಾಸ್ ಅಪ್‌ಡೇಟ್ ಕೊಡಿಸಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆಗಲೇ ಸವೆದ ಚಿಪ್ ಅಪ್‌ಡೇಟಿನಿಂದ ಸರಿಹೋಗುವುದಿಲ್ಲ, ಬದಲಿಸಲೇಬೇಕು. ನಿಮ್ಮದು ಯಾವ ಪ್ರೊಸೆಸರ್ ಅಂತ ಬರೆದೇ ಇಲ್ಲ ನೀವು!

ಮಂಗಳೂರಿನಿಂದ

ಯುಪಿಎಸ್ ಬಗ್ಗೆ ಯಾರೂ ಹೇಳಲಿಲ್ಲ. ಯುಪಿಎಸ್ ಇದ್ದರೂ ಕರೆಂಟ್ ಹೋದ ಕ್ಷಣಕ್ಕೇ ನನ್ನ ಪಿಸಿ ಪೂರ್ತಿ ಆರುತ್ತಿತ್ತು. ಅಗ್ಗದ ಯುಪಿಎಸ್‌ಗಳು ಬ್ಯಾಟರಿಗೆ ಬದಲಾದಾಗ ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ. ಕೆಲವು ಪವರ್ ಸಪ್ಲೈಗಳಿಗೆ ಅದು ಆಗಿಬರುವುದಿಲ್ಲ. ನಯವಾದ ಅಲೆ ಕೊಡುವ ಪ್ಯೂರ್ ಸೈನ್‌ವೇವ್ ಯುಪಿಎಸ್ ಹಾಕಿದ ಮೇಲೆ ನಿಂತಿತು. ನಿಮ್ಮ ಲಕ್ಷಣ ಬೇರೆ, ಆದರೂ ಒಂದು ದಿನ ನೇರ ಗೋಡೆ ಪ್ಲಗ್ಗಿಗೆ ಹಾಕಿ ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅಂದರೆ ಅರ್ಥಿಂಗ್ ಇಲ್ಲ ಅಂತ. ಹಾಗಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ತುಮಕೂರಿನಿಂದ

ಕಾರ್ಡನ್ನು ಬೋರ್ಡಿನ ಸ್ಲಾಟಿಗೆ ನೇರ ಹಾಕದೆ ರೈಸರ್ ಕೇಬಲ್‌ನಲ್ಲಿ ನಿಲ್ಲಿಸಿದ್ದೀರಾ? ಹಾಗಿದ್ದರೆ ಬಯಾಸ್‌ನಲ್ಲಿ ಪಿಸಿಐಇ (ಕಾರ್ಡ್ ಸ್ಲಾಟಿನ) ವೇಗವನ್ನು ಆಟೋದಿಂದ ಜೆನ್ 3ಕ್ಕೆ ಇಳಿಸಿ. ನನ್ನದು ಅಷ್ಟಕ್ಕೇ ಸರಿಹೋಯಿತು.

ಬೆಂಗಳೂರಿನಿಂದ, ಮತ್ತೆ

ಮರೆತಿದ್ದೆ. ಕೇಬಲ್ ಬದಲಿಸುವ ಮುಂಚೆ ಕಾರ್ಡಿನ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟ್ ಸ್ವಲ್ಪ ಇಳಿಸಿ, ಗೇಮಿನಲ್ಲಿ ಸೆಕೆಂಡಿಗೆ ಫ್ರೇಮ್ 60ಕ್ಕೆ ಕಟ್ಟಿಹಾಕಿ (ಕಾರ್ಡಿಗೆ ಕೆಲಸ ಕಮ್ಮಿ) ಆಡಿ. ಆಗ ಕ್ರ್ಯಾಶ್ ನಿಂತರೆ ಅನುಮಾನ ಕರೆಂಟ್ ಕಡೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ. ವಿಂಡೋಸಿನ ಸೆಟ್ಟಿಂಗ್ ಇರುವ ರಿಜಿಸ್ಟ್ರಿಯಲ್ಲಿ ಡ್ರೈವರ್ ರೀಸೆಟ್ಟಿನ ಆ 2 ಸೆಕೆಂಡನ್ನು 60 ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗಂಟೆಗಟ್ಟಲೆ ರೆಂಡರ್ ಮಾಡುವವರಿಗೆ ಅದರಿಂದ ಉಪಯೋಗ ಇರಬಹುದು, ನಿಮಗೆ ರೋಗ ಮುಚ್ಚಿಟ್ಟ ಹಾಗೆ.

ಕೇಳಿದವನೇ, ಹದಿನೈದು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ರೈಸರ್ ಇಲ್ಲ, ಪ್ರೊಸೆಸರ್ ಇಂಟೆಲ್ ಅಲ್ಲ. ಫ್ರೇಮ್ 60ಕ್ಕೆ ಕಟ್ಟಿದಾಗ ಮೂರು ದಿನ ಒಂದೂ ಕ್ರ್ಯಾಶ್ ಇಲ್ಲ. ಸೈಡ್ ಪ್ಯಾನಲ್ ಬಿಚ್ಚಿ ನೋಡಿದೆ: ಎರಡು ತಲೆಯ ಒಂದೇ ಕೇಬಲ್. ಎರಡನೆಯದು ಹಾಕಿ ಫ್ರೇಮ್ ಮಿತಿ ತೆಗೆದುಬಿಟ್ಟೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಒಂದು ಸಲ ಗೇಮ್ ತಾನೇ ಮುಚ್ಚಿಕೊಂಡಿತು. ಆದರೆ ಸ್ಕ್ರೀನ್ ವಾಪಸ್ ಬಂತು, ಫ್ಯಾನ್ ಕೂಗಲಿಲ್ಲ. ಬೇರೆ ಥರದ್ದು ಅಂತ ಅನ್ನಿಸಿ, ಹುಬ್ಬಳ್ಳಿ ಅಕ್ಕ ಹೇಳಿದ ಹಾಗೆ ಮೆಮ್‌ಟೆಸ್ಟ್ ಬಿಟ್ಟೆ. ಮೂರನೇ ಸುತ್ತಿನಲ್ಲಿ ಎರಡು ತಪ್ಪು. ಈಗ ರ್‍ಯಾಮ್ 5600ಕ್ಕೆ ಇಳಿಸಿದ್ದೇನೆ, ನಾಲ್ಕೂ ಸುತ್ತು ಶುದ್ಧ. ಬಯಾಸ್ ಅಪ್‌ಡೇಟ್ ಈ ಭಾನುವಾರ.

ಅಂದಹಾಗೆ ಆ ಎರಡನೇ ಕೇಬಲ್ಲಿಗೆ ಅರ್ಧ ದಿನ ಹುಡುಕಿದೆ. ಪವರ್ ಸಪ್ಲೈ ಜೊತೆ ಬಂದ ಕಪ್ಪು ಚೀಲ ಚೆನ್ನಾಗಿದೆ ಅಂತ ಅಮ್ಮ ಬಟ್ಟೆ ಕ್ಲಿಪ್ಪು ತುಂಬಿಸಿ ತಾರಸಿಯಲ್ಲಿ ತೂಗುಹಾಕಿದ್ದರು. ಕೇಬಲ್ ಕ್ಲಿಪ್ಪುಗಳ ಅಡಿಯಲ್ಲಿ ಹಾಗೇ ಇತ್ತು.