ಬೊರಿವಲಿಯ ಚಿರತೆ ಬೇರೆ ಪ್ರಭೇದ ಆದೀತೇ?

ಮುಲುಂಡ್ ಮಾಣಿ: ಮುಂಬಯಿಯ ಬೊರಿವಲಿ ನ್ಯಾಷನಲ್ ಪಾರ್ಕಿನ ಚಿರತೆ ಬೀದಿನಾಯಿ ಹಿಡಿಲಿಕ್ಕೆ ರಾತ್ರಿ ಹೌಸಿಂಗ್ ಸೊಸೈಟಿ ಗೋಡೆವರೆಗೂ ಬರ್ತದೆ. ಮರಿಯೂ ತಾಯಿಯನ್ನು ನೋಡಿ ಅದನ್ನೇ ಕಲೀತದೆ. ಹೀಗೇ ತಲೆಮಾರುಗಟ್ಟಲೆ ಕಲಿತರೆ ಅದು ರಕ್ತಕ್ಕೇ ಇಳಿದು, ಪೇಟೆ ಚಿರತೆ ಅಂತ ಬೇರೆ ಪ್ರಭೇದ ಆಗೂದಿಲ್ವಾ?

ಧಾರವಾಡದಿಂದ ದಾದರಿಗೆ: ಇಲ್ರೀ. ಕಲ್ತದ್ದು ರಕ್ತಕ್ಕ ಇಳಿಯಂಗಿಲ್ಲ. ಫ್ರಾನ್ಸಿನ ವಿಜ್ಞಾನಿ ಲಾಮಾರ್ಕ್ 1809ರಾಗ ಹಿಂಗ ಹೇಳಿ ಸೋತು ಕುಂತಾನ. ಜೀನ್ ಬದಲಾಗೂದು ತಾನಾಗೇ, ಆರಿಸೂದು ನಿಸರ್ಗ. ನಡತಿಗೆ ಇದರಾಗ ಕೆಲಸನ ಇಲ್ಲ.

ವಾಶಿ ವನಜಾ: ಲಾಮಾರ್ಕ್ ವಿಷಯ ಸರಿ, ಕೊನೇ ಮಾತು ಸರಿಯಿಲ್ಲ. ಹವಾಯಿಯ ಕವಾಯಿ ದ್ವೀಪದ ಚಿಮ್ಮಂಡೆ ಕಥೆ ಕೇಳಿ. ರಾತ್ರಿ ಕಿರ್ ಅನ್ನುತ್ತಲ್ಲ, ಅದೇ. ಗಂಡು ರೆಕ್ಕೆ ಉಜ್ಜಿ ಹಾಡಿ ಹೆಣ್ಣನ್ನು ಕರೆಯುತ್ತೆ. ಅಲ್ಲಿಗೆ ಉತ್ತರ ಅಮೆರಿಕದ ಒಂದು ನೊಣ ಬಂದು ಸೇರಿಕೊಂಡಿದೆ. ಅದು ಹಾಡಿನ ಜಾಡು ಹಿಡಿದು ಬಂದು ಗಂಡಿನ ಮೇಲೆ ಮರಿಹುಳು ಬಿಡುತ್ತೆ, ಹುಳು ಒಳಗಿನಿಂದಲೇ ತಿಂದು ಮುಗಿಸುತ್ತೆ. ಆಗ ರೆಕ್ಕೆ ಚಪ್ಪಟೆಯಾಗಿ ಸದ್ದೇ ಬಾರದ ಮೂಕ ಗಂಡುಗಳು ಹೆಚ್ಚಿದವು. 20 ಪೀಳಿಗೆ ತುಂಬೋದರೊಳಗೆ, 2003ರ ಹೊತ್ತಿಗೆ, ನೂರಕ್ಕೆ 90ಕ್ಕಿಂತ ಹೆಚ್ಚು ಗಂಡು ಮೂಕ!

ಮುಲುಂಡ್ ಮಾಣಿ: ಹಾಡದಿದ್ರೆ ಹೆಣ್ಣು ಸಿಗೂದು ಹೇಗೆ ಮಾರಾಯ್ರೆ?

ವಾಶಿ ವನಜಾ: ಅಲ್ಲೇ ಇರೋದು ಮಜಾ. ಹಾಡುವವನ ಪಕ್ಕ ಸುಮ್ಮನೆ ಕೂತು, ಅವನನ್ನು ಹುಡುಕಿ ಬಂದ ಹೆಣ್ಣನ್ನು ದಾರಿಯಲ್ಲೇ ಹಿಡಿಯೋ ಚಾಳಿ ಆ ಕುಲದಲ್ಲಿ ಮೊದಲೇ ಇತ್ತು. ಆ ಚಾಳಿ ಇರದಿದ್ದರೆ ಮೂಕರ ವಂಶ ಬೆಳೆಯೋದೇ ಕಷ್ಟವಿತ್ತು.

ಧಾರವಾಡದಿಂದ ದಾದರಿಗೆ: ಆದ್ರೂ ರೆಕ್ಕಿ ಚಪ್ಪಟಿ ಮಾಡಿದ್ದು ಮ್ಯುಟೇಶನ್ರೀ, ಅಂದ್ರ ಜೀನ್ ತಾನಾಗೇ ಬದಲಾಗೂದು, ಚಾಳಿ ಅಲ್ಲ.

ವಾಶಿ ವನಜಾ: ಮ್ಯುಟೇಶನ್ನನ್ನು ಚಾಳಿ ಹುಟ್ಟಿಸಿತು ಅಂತ ಯಾರು ಹೇಳಿದ್ರು? ಹುಟ್ಟಿದ್ದು ಉಳಿಯುತ್ತೋ ಇಲ್ಲವೋ ಅನ್ನೋದರಲ್ಲಿ ನಡತೆಯ ಕೈ ಇದೆ, ಅಷ್ಟೇ. ಹಾಲಿನ ವಿಷಯ ನೋಡಿ. ಜನ ದನ ಸಾಕಿ ಹಾಲು ಕರೆಯೋಕೆ ಶುರುಮಾಡಿದ್ದು ಮೊದಲು. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳೋ ಜೀನ್ ಹರಡಿದ್ದು ಆಮೇಲೆ. ಯುರೋಪಿನಲ್ಲಿರೋ ಆ ಜೀನ್ ರೂಪವೇ ನಮ್ಮ ದೇಶದ ಎಷ್ಟೋ ಜನರಲ್ಲೂ ಇದೆ.

ಠಾಣೆ ಭಟ್ಟರು: ಒಂದು ತಕರಾರು. ನಡತೆ ಬ್ರೇಕೂ ಹಾಕ್ತದೆ. ಬಿಸಿಲು ಹೆಚ್ಚಾದರೆ ಹಲ್ಲಿ, ಓತಿ ನೆರಳಿಗೆ ಸರಿದು ಮೈ ಬಿಸಿ ಹದದಲ್ಲಿ ಇಟ್ಕೊಳ್ತವೆ. ಸೆಕೆ ತಡೆಯುವ ದೇಹವೇ ಬೇಕೆನ್ನುವ ಒತ್ತಡ ಅಲ್ಲಿಗೆ ಕಮ್ಮಿ. ಚಿರತೆಯದ್ದೂ ಅದೇ ಅಂತ ನನ್ನ ಲೆಕ್ಕ. ಜಿಂಕೆಯೋ ನಾಯಿಯೋ, ಸಿಕ್ಕಿದ್ದನ್ನು ತಿಂದು ಹೊಂದಿಕೊಳ್ಳುವ ಪ್ರಾಣಿಗೆ ಹೊಸ ದೇಹ ಎಂತಕ್ಕೆ? ಮೇಲಾಗಿ ಬೇರೆ ಪ್ರಭೇದ ಆಗಬೇಕಾದರೆ ಹೊರಗಿನ ಚಿರತೆಗಳ ಸಂಬಂಧ ಕಡಿಯಬೇಕು. 2009ರಲ್ಲಿ ಜಾಡು ಹಿಡಿಯುವ ಕಾಲರ್ ಕಟ್ಟಿ ಮಾಳಶೇಜ್ ಘಾಟಿನಲ್ಲಿ ಬಿಟ್ಟ ‘ಆಜೋಬಾ’ ಎಂಬ ಚಿರತೆ ಸುಮಾರು 120 ಕಿ.ಮೀ. ನಡೆದು ಈ ಪಾರ್ಕಿಗೇ ಬಂತಲ್ಲ. ಹೀಗೆ ಬಂದು ಹೋಗುವವರು ಇರುವವರೆಗೆ ಬೇರೆ ಜಾತಿ ಎಲ್ಲಿಂದ?

ಧಾರವಾಡದಿಂದ ದಾದರಿಗೆ: ಆಜೋಬಾ ಮೊದಲೇ ಅಜ್ಜ ಆಗಿದ್ನಲ್ರೀ, ಮರಾಠಿಯೊಳಗ ಹೆಸರಿನ ಅರ್ಥನ ಹಂಗೈತಿ 😄 ಬ್ರೇಕಿನ ಮಾತು ಒಪ್ಪಿದೆ. ಹಂಗಾದ್ರ ನಾಯಿ ಗತಿ? ಚಿರತಿಗೆ ಸಿಗದ ಹುಷಾರಿ ನಾಯಿನ ಉಳದು ಅವುಗಳ ತಳಿ ಬದಲಾಗಬೇಕಲ್ಲ?

ವಾಶಿ ವನಜಾ: ಆ ಹುಷಾರಿ ಹುಟ್ಟಿನಿಂದ ಬಂದಿದ್ದರೆ ಆಗಬಹುದು. ಆದರೆ ಕಸದ ರಾಶಿ ಇರೋ ತನಕ ಹೊರಗಿನ ನಾಯಿಗಳು ಬಂದು ಸೇರ್ತಾನೇ ಇರುತ್ತವೆ, ಭಟ್ಟರ ತಕರಾರೇ ಅಲ್ಲಿಗೂ.