ಫ್ರೆಂಚ್ ಓದಲು ಬರುತ್ತದೆ, ಮಾತನಾಡುವುದು ಹೇಗೆ?

ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಕೆಲಸವೂ ಇಂಗ್ಲಿಷ್‌ನಲ್ಲೇ. ಮಾಂಟ್ರಿಯಲ್‌ಗೆ ಬಂದ ಮೇಲೆ ಫ್ರೆಂಚ್ ಕಲಿಯುತ್ತಿದ್ದೇನೆ. ಪತ್ರಿಕೆ ಓದಿದರೆ ಅರ್ಥವಾಗುತ್ತದೆ. ಬಾಯಿ ತೆರೆದರೆ ಮಾತ್ರ ಎದುರಿನವರು ಇಂಗ್ಲಿಷ್‌ಗೆ ಹೊರಳಿಬಿಡುತ್ತಾರೆ. ಚೆನ್ನಾಗಿ ಮಾತನಾಡಲು ಕಲಿತವರು ದಯವಿಟ್ಟು ತಿಳಿಸಿ.

ಮಾಂಟ್ರಿಯಲ್‌ನಿಂದ:
ಅವರು ಹೊರಳುವುದು ಹೆಚ್ಚಾಗಿ ನಿಮ್ಮ ಉಚ್ಚಾರ ಕೇಳಿ, ವ್ಯಾಕರಣ ಕೇಳಿ ಅಲ್ಲ. ಮೊದಲು ನಾಲಿಗೆಯನ್ನು ಪಳಗಿಸಿ. ಇಂಗ್ಲಿಷ್‌ನಲ್ಲಿ ಒಂದಕ್ಷರವನ್ನು ಒತ್ತಿ ಉಳಿದವನ್ನು ನುಂಗುತ್ತೇವೆ. ಫ್ರೆಂಚ್‌ನಲ್ಲಿ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಒಂದೇ ತೂಕ, ಪದಗುಚ್ಛದ ಕೊನೆಯದನ್ನು ಮಾತ್ರ ತುಸು ಎಳೆಯುತ್ತಾರೆ. ಕನ್ನಡದ ನಡಿಗೆ ಇದಕ್ಕೆ ಎಷ್ಟೋ ಹತ್ತಿರ. ಇಂಗ್ಲಿಷ್‌ನ ‘ಟ’ ಬಿಟ್ಟು ನಮ್ಮ ‘ತ’ವನ್ನೇ ಬಳಸಿ, ‘ಪ’, ‘ಕ’ಗಳಿಗೆ ಉಸಿರು ಸೇರಿಸಬೇಡಿ. ಇಷ್ಟು ಬಂಡವಾಳ ನಮ್ಮ ಕೈಯಲ್ಲೇ ಇದೆ.

ಹೊಸದಾಗಿ ಕಲಿಯಬೇಕಾದ ಸ್ವರಗಳಲ್ಲಿ ಮುಖ್ಯವಾದದ್ದೊಂದಿದೆ. ಕನ್ನಡಿಯ ಮುಂದೆ ನಿಂತು ‘ಈ’ ಎನ್ನಿ. ನಾಲಿಗೆ ಕದಲದಂತೆ, ತುಟಿಯನ್ನು ಮಾತ್ರ ‘ಊ’ ಎನ್ನುವಾಗಿನಂತೆ ದುಂಡಗೆ ಮಾಡಿ. ಬರುವುದೇ ಆ ಸ್ವರ. ಅದರ ಬದಲು ‘ಊ’ ಎಂದರೆ ‘ಮೇಲೆ’ ಎಂದು ಹೇಳಹೊರಟದ್ದು ‘ಕೆಳಗೆ’ ಎಂದಾಗುತ್ತದೆ. ಇಲ್ಲಿಯವರು ಈ ಸ್ವರದ ಹಿಂದಿನ ‘ತ’ವನ್ನು ‘ತ್ಸ’ ಎನ್ನುತ್ತಾರೆ, ಆದ್ದರಿಂದ ಪ್ಯಾರಿಸ್‌ನ ಪಾಠಗಳ ಜೊತೆಗೆ ನಮ್ಮ ಕ್ವಿಬೆಕ್ ಪ್ರಾಂತ್ಯದ ರೇಡಿಯೊವನ್ನೂ ಕೇಳಿ.

ಅಂಗಡಿಯವರು ‘ಬೋಂಜೂರ್ (ನಮಸ್ಕಾರ), ಹಾಯ್’ ಎಂದು ಸ್ವಾಗತಿಸಿದರೆ ಬೋಂಜೂರ್‌ಗಷ್ಟೇ ಉತ್ತರಿಸಿ. ಬರೀ ಬೋಂಜೂರ್ ಎಂದೇ ಸ್ವಾಗತಿಸಿ ಎಂದು 2017ರಲ್ಲಿ ಕ್ವಿಬೆಕ್ ಶಾಸನಸಭೆ ನಿರ್ಣಯವನ್ನೇ ಅಂಗೀಕರಿಸಿತ್ತು. ಇಲ್ಲಿ ಭಾಷೆಯ ಬಗ್ಗೆ ಜನರಿಗೆ ಅಷ್ಟು ಕಾಳಜಿ. ‘ಜಾಪ್ರಾಂ ಲ ಫ್ರಾಂಸೆ’, ಅಂದರೆ ಫ್ರೆಂಚ್ ಕಲಿಯುತ್ತಿದ್ದೇನೆ ಎಂದು ಹೇಳಿ ಮುಂದುವರಿಯಿರಿ. ಬಹಳ ಮಂದಿ ನಿಧಾನಿಸಿ, ಪ್ರೀತಿಯಿಂದಲೇ ಮಾತನಾಡುತ್ತಾರೆ. ಸರ್ಕಾರದ ‘ಫ್ರಾನ್ಸಿಸಾಸಿಯೋಂ ಕ್ವಿಬೆಕ್’ ಮೂಲಕ ಉಚಿತ ತರಗತಿಗಳಿವೆ, ಸೇರಿಕೊಳ್ಳಿ.

ಲಿಯಾನ್‌ನಿಂದ:
ಪುಸ್ತಕದ ಫ್ರೆಂಚ್ ಬೇರೆ, ಬೀದಿಯ ಫ್ರೆಂಚ್ ಬೇರೆ. ‘ಗೊತ್ತಿಲ್ಲ’ ಎನ್ನಲು ಪುಸ್ತಕದಲ್ಲಿ ‘ಜ ನ ಸೆ ಪಾ’, ಜನರ ಬಾಯಲ್ಲಿ ‘ಶೆ ಪಾ’. ಕಿವಿ ಪಳಗದೆ ಬಾಯಿ ಪಳಗುವುದಿಲ್ಲ. ಫ್ರಾನ್ಸ್‌ನ ಆರ್‌ಎಫ್‌ಐ ರೇಡಿಯೊದಲ್ಲಿ ದಿನವೂ ಸರಳ ಫ್ರೆಂಚ್‌ನ ಹತ್ತು ನಿಮಿಷದ ವಾರ್ತೆ ಬರುತ್ತದೆ, ಪಠ್ಯವೂ ಸಿಗುತ್ತದೆ. ಒಂದು ನಿಮಿಷದಷ್ಟನ್ನು ಆರಿಸಿ, ವಾರ್ತೆ ಓದುವವರ ಬೆನ್ನಿಗೇ ಅದೇ ವೇಗದಲ್ಲಿ, ಅದೇ ಏರಿಳಿತದಲ್ಲಿ ಹೇಳುತ್ತಾ ಹೋಗಿ. ಪದಗಳು ಒಂದಕ್ಕೊಂದು ಹೇಗೆ ಬೆಸೆದುಕೊಳ್ಳುತ್ತವೆ ಎಂಬುದು ಹೀಗೆ ಹೇಳುವಾಗಲೇ ತಿಳಿಯುವುದು.

ಸಂಖ್ಯೆಗಳನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿ. 75 ಎಂದರೆ ‘ಅರವತ್ತು-ಹದಿನೈದು’, 92 ಎಂದರೆ ‘ನಾಲ್ಕಿಪ್ಪತ್ತು-ಹನ್ನೆರಡು’. ಫ್ರಾನ್ಸ್‌ನಲ್ಲಿ ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಹೇಳುತ್ತಾರೆ. ‘ಅರವತ್ತು’ ಕಿವಿಗೆ ಬಿದ್ದೊಡನೆ 6 ಎಂದು ಬರೆಯಬೇಡಿ, ಮುಂದಿನದನ್ನು ಕೇಳುವವರೆಗೆ ತಾಳಿ.

ಬೆಂಗಳೂರಿನಿಂದ:
ನಾನು ವಸಂತನಗರದಲ್ಲಿರುವ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿತೆ. ಪದವನ್ನು ಒಂಟಿಯಾಗಿ ಕಲಿಯಬೇಡಿ, ಪುಲ್ಲಿಂಗವಾದರೆ ‘ಲ’, ಸ್ತ್ರೀಲಿಂಗವಾದರೆ ‘ಲಾ’ ಸೇರಿಸಿಯೇ ಬಾಯಿಪಾಠ ಮಾಡಿ. ಮಾತಿನ ಮಧ್ಯೆ ಲಿಂಗ ಯೋಚಿಸಲು ಸಮಯವಿರುವುದಿಲ್ಲ. ಫ್ರೆಂಚ್ ಭಾಷಾ ಸಾಮರ್ಥ್ಯ ಅಳೆಯುವ ಡೆಲ್ಫ್ ಬಿ2 ಪರೀಕ್ಷೆಯ ಮಾತಿನ ಭಾಗದಲ್ಲಿ ಸಣ್ಣದೊಂದು ಬರಹ ಕೊಟ್ಟು, ಅರ್ಧ ಗಂಟೆಯ ತಯಾರಿಯ ನಂತರ ನಿಮ್ಮ ನಿಲುವನ್ನು ಸಮರ್ಥಿಸಲು ಹೇಳುತ್ತಾರೆ. ಪರೀಕ್ಷೆ ಬರೆಯದಿದ್ದರೂ ಈ ಅಭ್ಯಾಸ ಬಿಡಬೇಡಿ. ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿ, ತಡವರಿಸಿದ ವಾಕ್ಯಗಳನ್ನಷ್ಟೇ ಮರುದಿನ ಮತ್ತೆ ಹೇಳಿ.